ಬಿಚ್ಚಿ ಕಟ್ಟುವ ಕಬ್ಬಿಣದ ರ್‍ಯಾಕು



ನಮ್ಮ ಹಿರಿಯರು ಮನೆ ಕಟ್ಟುವಾಗ ಸಾಮಾನುಗಳಿಗೆ ಬೇಕಾದ ಜಾಗವನ್ನು ಮನೆಯ ಮೈಯಲ್ಲಿಯೇ ಸೇರಿಸಿ ಕಟ್ಟಿಸುತ್ತಿದ್ದರು. ಗೋಡೆಯೊಳಗೆ ದೀಪಕ್ಕೊಂದು ಗೂಡು, ಪಂಚಾಂಗ ಪುಸ್ತಕಗಳಿಗೊಂದು ಗೂಡು. ಅಡುಗೆಯ ಮನೆಯಲ್ಲಿ ಗೋಡೆಯುದ್ದಕ್ಕೂ ನಾಗಂದಿಗೆ. ಹಾಲು ಮೊಸರು ಬೆಣ್ಣೆಗಳಿಗೆ ತೊಲೆಯಿಂದ ತೂಗುವ ನೆಲುವು. ವರ್ಷಕ್ಕೊಮ್ಮೆ ಬೇಕಾಗುವ ದೊಡ್ಡ ಪಾತ್ರೆಗಳಿಗೆ ಅಟ್ಟ. ಗೋಡೆಗಳು ದಪ್ಪವಾಗಿದ್ದುವು, ಅವುಗಳ ಹೊಟ್ಟೆಯಲ್ಲಿ ಅರ್ಧ ಸಂಸಾರವೇ ಅಡಗುತ್ತಿದ್ದಿತು. ಇಂದಿನ ನಗರವಾಸಿಯ ಮನೆಗೆ ಅಂತಹ ಗೋಡೆಗಳಿಲ್ಲ. ಬಾಡಿಗೆಯ ಮನೆಯಾದರಂತೂ ಮೊಳೆ ಹೊಡೆಯಕೂಡದೆಂಬ ಕರಾರು ಬೇರೆ. ಕೂಸು ಹುಟ್ಟಿದರೆ ಒಂದು ಬಗೆಯ ಸಾಮಾನು, ಅದು ಶಾಲೆಗೆ ಹೊರಟರೆ ಮತ್ತೊಂದು ಬಗೆ, ಊರಿನಿಂದ ತಂದೆತಾಯಿಗಳು ಬಂದು ನಿಂತರೆ ಇನ್ನೊಂದು ಬಗೆ, ವರ್ಗವಾದರೆ ಎಲ್ಲವನ್ನೂ ಗಂಟುಕಟ್ಟಿ ಲಾರಿಗೇರಿಸುವ ಪಾಡು. ಹೀಗೆ ಸದಾ ಮಾರ್ಪಡುವ ಸಂಸಾರಕ್ಕೆ ಮಾರ್ಪಡದ ಮರದ ಬೀರು ಒಗ್ಗದು. ಸಂಸಾರದೊಡನೆ ತಾನೂ ರೂಪ ಬದಲಿಸಬಲ್ಲ ಒಂದು ಅಗ್ಗದ ಉಪಕರಣವುಂಟು. ಈ ಹೊತ್ತು ಅದನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆಮಾಡಲು ಬಯಸುತ್ತೇನೆ.

ಆ ಉಪಕರಣವು ತಮಗೆಲ್ಲರಿಗೂ ಪರಿಚಿತವಾದದ್ದೇ. ಔಷಧದ ಅಂಗಡಿಯಲ್ಲಿ, ಕಚೇರಿಯ ಕಡತಗಳ ಕೋಣೆಯಲ್ಲಿ, ಕಿರಾಣಿಯ ಉಗ್ರಾಣದಲ್ಲಿ ನಿಂತಿರುವ ಬೂದುಬಣ್ಣದ ಕಬ್ಬಿಣದ ರ್‍ಯಾಕು. ಅದರ ಅಂಗಗಳು ನಾಲ್ಕೇ. ಮೈತುಂಬ ತೂತುಗಳಿರುವ, ಎಲ್ ಅಕ್ಷರದಂತೆ ಮಡಿಸಿದ ನಾಲ್ಕು ಕಂಬಗಳು. ಇವನ್ನು ಅಂಗಡಿಯವರು ಸ್ಲಾಟೆಡ್ ಆಂಗಲ್ ಎನ್ನುತ್ತಾರೆ. ನಾಲ್ಕು ಅಂಚುಗಳನ್ನೂ ಕೆಳಕ್ಕೆ ಮಡಿಸಿದ ತಗಡಿನ ಹಲಗೆಗಳು. ಮೂಲೆಗಳಿಗೆ ಬಿಗಿಯುವ ತ್ರಿಕೋನಾಕಾರದ ಬಿಲ್ಲೆಗಳು. ಇವೆಲ್ಲವನ್ನೂ ಕೂಡಿಸುವ ಬೋಲ್ಟು ನಟ್ಟುಗಳು. ಇದರಲ್ಲಿ ಬೆಸುಗೆಯಿಲ್ಲ, ಅಂಟಿಲ್ಲ, ಮೊಳೆಯಿಲ್ಲ. ಒಂದು ಸ್ಪ್ಯಾನರನ್ನು ಹಿಡಿಯಬಲ್ಲವರು ಯಾರಾದರೂ ಕಟ್ಟಬಹುದು, ಬಿಚ್ಚಬಹುದು. ಇದನ್ನು ಸಿದ್ಧವಾದ ಒಂದು ವಸ್ತುವೆಂದು ನೋಡುವುದಕ್ಕಿಂತ ಹಲವು ವಸ್ತುಗಳಾಗಬಲ್ಲ ಬಿಡಿಭಾಗಗಳ ಒಂದು ಗಂಟೆಂದು ನೋಡಿದರೆ ಇದರ ನಿಜವಾದ ಬೆಲೆ ಗೊತ್ತಾಗುವುದು.

ಇದರ ಹುಟ್ಟೂ ಇಂತಹ ಒಂದು ಕೊರತೆಯಿಂದಲೇ ಆದದ್ದು. ತೂತುಗಳುಳ್ಳ ಲೋಹದ ಪಟ್ಟಿಗಳನ್ನು ಬೋಲ್ಟುಗಳಿಂದ ಕೂಡಿಸಿ ಬಗೆಬಗೆಯ ಯಂತ್ರಗಳನ್ನು ಮಾಡುವ ಮಕ್ಕಳ ಆಟಿಕೆಗೆ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿಯವರು 1901ರಲ್ಲಿ ಪೇಟೆಂಟು ಪಡೆದಿದ್ದರು. ಅದು ಮುಂದೆ ಮೆಕ್ಯಾನೊ ಎಂಬ ಹೆಸರಿನಿಂದ ಲೋಕವಿಖ್ಯಾತವಾಯಿತು. ದೊಡ್ಡವರ ಕೆಲಸಕ್ಕೆ ಅದೇ ಬಗೆಯ ಉಪಾಯವನ್ನು ಒದಗಿಸಿದವರು ಲಂಡನ್ನಿನಲ್ಲಿ ಅಚ್ಚುಕೂಟವೊಂದನ್ನು ನಡೆಸುತ್ತಿದ್ದ ಡಿಮಿಟ್ರಿಯಸ್ ಕೊಮಿನೊ ಎಂಬ ಎಂಜಿನಿಯರು. ಅಚ್ಚುಕೂಟದಲ್ಲಿ ಸಾಮಾನಿಡಲು ಚೌಕಟ್ಟುಗಳನ್ನು ಕಟ್ಟಿಸುವುದು, ಕೆಲಸದ ರೀತಿ ಬದಲಾದಾಗ ಅವನ್ನು ಒಡೆದು ಬಿಸಾಡುವುದು, ಮತ್ತೆ ಹೊಸದನ್ನು ಕಟ್ಟಿಸುವುದು, ಹೀಗೆ ಸಾಮಗ್ರಿಯೂ ಶ್ರಮವೂ ಹಾಳಾಗುವುದನ್ನು ಅವರು ಕಂಡರು. ಒಡೆಯದೆ ಬಿಚ್ಚಬಹುದಾದ ಚೌಕಟ್ಟು ಬೇಕೆಂಬ ಆಲೋಚನೆಯಿಂದ ತೂತಿನ ಆಂಗಲ್ ಹುಟ್ಟಿತು. ಅದನ್ನು ತಯಾರಿಸುವ ಡೆಕ್ಸಿಯನ್ ಎಂಬ ಸಂಸ್ಥೆಯನ್ನು ಅವರು 1947ರಲ್ಲಿ ಸ್ಥಾಪಿಸಿದರು. ಆ ಬಗೆಯ ಆಂಗಲ್ಲುಗಳು ಇಂದು ನಮ್ಮ ಊರುಗಳಲ್ಲಿಯೂ ತಯಾರಾಗುತ್ತವೆ. ಬೆಂಗಳೂರಿನ ಎಸ್. ಜೆ. ಪಿ. ರಸ್ತೆಯಂತಹ ಹಾರ್ಡ್‌ವೇರ್ ಪೇಟೆಗಳಲ್ಲಿ ಬಿಡಿಬಿಡಿಯಾಗಿ ದೊರೆಯುತ್ತವೆ. ಅಂಗಡಿಯೋ ಕಚೇರಿಯೋ ಮುಚ್ಚಿದಾಗ ಗುಜರಿಯಲ್ಲಿ ತೂಕದ ಲೆಕ್ಕದಲ್ಲಿಯೂ ಸಿಕ್ಕುತ್ತವೆ.

ಇಷ್ಟು ತೆಳುವಾದ ತಗಡು ಅಷ್ಟು ಭಾರವನ್ನು ಹೇಗೆ ಹೊರುವುದೆಂದು ಕೆಲವರು ಆಶ್ಚರ್ಯಪಡಬಹುದು. ಒಂದು ಕಾಗದವನ್ನು ಅಂಚು ಹಿಡಿದು ಎತ್ತಿದರೆ ಅದು ಬಾಗಿ ಜೋಲುವುದು. ಅದನ್ನೇ ನಡುವೆ ಮಡಿಸಿ ಎತ್ತಿದರೆ ನೆಟ್ಟಗೆ ನಿಲ್ಲುವುದು. ಕಂಬದ ಬಲವು ಆ ಮಡಿಕೆಯಲ್ಲಿದೆ; ಹಲಗೆಯ ಬಲವು ಅದರ ಮಡಿಸಿದ ಅಂಚಿನಲ್ಲಿದೆ. ಆದುದರಿಂದ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಅಂಚು ನೆಟ್ಟಗಿದೆಯೇ ಎಂಬುದನ್ನು. ಅಂಚು ಜಜ್ಜಿಹೋದ ಹಲಗೆ ಎಷ್ಟು ಹೊಳೆಯುತ್ತಿದ್ದರೂ ನಂಬತಕ್ಕದ್ದಲ್ಲ. ಗುಜರಿಯ ಕಂಬವಾದರೆ ಒಂದು ತುದಿಯನ್ನು ಕಣ್ಣಿನ ಸಮಕ್ಕೆ ಹಿಡಿದು ಉದ್ದಕ್ಕೂ ದೃಷ್ಟಿ ಹಾಯಿಸಿದರೆ ಸೊಟ್ಟಿದ್ದರೆ ಒಡನೆಯೇ ತಿಳಿಯುವುದು. ಎರಡನೆಯದಾಗಿ, ಗೇಜಿನ ವಿಚಾರ. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳುವಾಗುವುದೆಂಬುದನ್ನು ಮರೆಯಬಾರದು. 14 ಗೇಜೆಂದರೆ ಸುಮಾರು 2 ಮಿಲಿಮೀಟರು, 18 ಗೇಜೆಂದರೆ ಸುಮಾರು 1.2, 22 ಗೇಜೆಂದರೆ ಸುಮಾರು 0.7 ಮಿಲಿಮೀಟರು. ಕಂಬಕ್ಕೆ 14 ಗೇಜು ತಕ್ಕದ್ದು. ಡಬ್ಬಿ ಬಟ್ಟೆಗಳಿಗೆ 22 ಗೇಜಿನ ಹಲಗೆ ಸಾಕು. ಪುಸ್ತಕ ಕುಂಡಗಳಿಗೆ 18 ಅಥವಾ 20 ಬೇಕು. ಒಂದಡಿ ಉದ್ದಕ್ಕೆ ಜೋಡಿಸಿದ ಪುಸ್ತಕಗಳು ಸುಮಾರು 8ರಿಂದ 10 ಕೆ.ಜಿ. ತೂಗುವುದರಿಂದ, 3 ಅಡಿಯ ಹಲಗೆ ತುಂಬಿದರೆ 24 ಕೆ.ಜಿ.ಗೆ ಕಡಮೆಯಾಗದು. ಇಂತಿಷ್ಟು ಭಾರವನ್ನು ಹೊರುವುದೆಂದು ಅಂಗಡಿಯವನು ಹೇಳುವ ಲೆಕ್ಕವೂ ಹಲಗೆಯ ಮೇಲೆಲ್ಲ ಸಮನಾಗಿ ಹರಡಿದ ಭಾರದ್ದೇ ಹೊರತು ನಟ್ಟನಡುವೆ ಇಟ್ಟ ಕಲ್ಲಿನದಲ್ಲ.

ಹಲಗೆ ನಡುವೆ ಜಗ್ಗಿದರೆ ಎಸೆಯಬೇಕಾಗಿಲ್ಲ. ಅದೇ ಭಾರವನ್ನು ಅರ್ಧ ಉದ್ದದ ಹಲಗೆಯ ಮೇಲೆ ಹರಡಿದರೆ ಅದು ಬಾಗುವುದು ಎಂಟರಲ್ಲಿ ಒಂದು ಪಾಲು ಮಾತ್ರ. ಹಲಗೆಯ ಅಡಿಯಲ್ಲಿ ಉದ್ದಕ್ಕೂ ಆಂಗಲಿನ ಒಂದು ತುಂಡನ್ನು ಬಿಗಿದರೂ ಸೊಂಟಕ್ಕೆ ಒಂದು ಪಟ್ಟಿ ಕಟ್ಟಿದಂತಾಗಿ ಅದು ನೆಟ್ಟಗಾಗುವುದು.

ಕಟ್ಟುವ ಕ್ರಮವನ್ನು ಕುರಿತು ಎರಡೇ ಮಾತು. ಬೋಲ್ಟುಗಳನ್ನೆಲ್ಲ ಮೊದಲು ಕೈಯಿಂದಲೇ ಸಡಿಲವಾಗಿ ತಿರುಗಿಸಿ ಇಡೀ ಚೌಕಟ್ಟನ್ನು ನಿಲ್ಲಿಸಬೇಕು. ಬಳಿಕ ಒಂದು ದಾರದಿಂದ ಹಿಂಬದಿಯ ಮೂಲೆಯಿಂದ ಮೂಲೆಗೆ ಅಡ್ಡಡ್ಡಲಾಗಿ ಅಳೆಯಬೇಕು. ಎರಡು ಅಳತೆಗಳೂ ಸಮನಾದರೆ ಚೌಕಟ್ಟು ನೆಟ್ಟಗಿದೆಯೆಂದು ತಿಳಿದು, ಆಗ ಸ್ಪ್ಯಾನರಿನಿಂದ ಬಿಗಿಯಬೇಕು. ಒಂದೊಂದೇ ಮೂಲೆಯನ್ನು ಆರಂಭದಿಂದಲೇ ಬಿಗಿಯುತ್ತಾ ಹೋದರೆ ಕೊನೆಯ ಮೂಲೆಯಲ್ಲಿ ತೂತಿಗೆ ತೂತು ಕೂಡದೆ ಮನೆಯವರ ತಾಳ್ಮೆ ಕೆಡುವುದು. ತ್ರಿಕೋನದ ಬಿಲ್ಲೆಗಳನ್ನು ಅಲಂಕಾರವೆಂದು ಭಾವಿಸಿ ಬಿಡುವವರುಂಟು, ಅದು ಸರಿಯಲ್ಲ. ನಾಲ್ಕು ಪಟ್ಟಿಗಳ ಚೌಕವನ್ನು ತಳ್ಳಿದರೆ ಅದು ಓರೆಯಾಗುವುದು. ಮೂರು ಪಟ್ಟಿಗಳ ತ್ರಿಕೋನವು ಪಟ್ಟಿಗಳು ಮುರಿಯದ ಹೊರತು ರೂಪಗೆಡದು. ಬಿಲ್ಲೆಗಳು ಪ್ರತಿಯೊಂದು ಮೂಲೆಯಲ್ಲಿಯೂ ಒಂದೊಂದು ಚಿಕ್ಕ ತ್ರಿಕೋನವನ್ನು ನಿಲ್ಲಿಸುತ್ತವೆ. ಆದರೂ ಅಲುಗಾಟವುಳಿದರೆ ಬೆನ್ನಿಗೆ ಎರಡು ಕಬ್ಬಿಣದ ಪಟ್ಟಿಗಳನ್ನು ಗುಣಾಕಾರದ ಚಿಹ್ನೆಯಂತೆ ಬಿಗಿದರೆ ಸಾಕು.

ಇನ್ನು ರೂಪಾಂತರಗಳ ವಿಷಯ. ಇವುಗಳಲ್ಲಿ ಅತ್ಯಂತ ಸುಲಭವಾದದ್ದಕ್ಕೆ ಗರಗಸವೇ ಬೇಡ. ಹಲಗೆಯನ್ನು ಬಿಚ್ಚಿ ತಲೆಕೆಳಗು ಮಾಡಿ ಬಿಗಿದರೆ ಕೆಳಕ್ಕಿದ್ದ ಅಂಚು ಮೇಲಕ್ಕೆ ಬಂದು ಹಲಗೆಯು ತಟ್ಟೆಯಾಗುವುದು. ಉರುಳುವ ಈರುಳ್ಳಿ ಆಲೂಗೆಡ್ಡೆಗಳಿಗೆ, ಸೀಸೆಗಳಿಗೆ, ಮಕ್ಕಳ ಆಟದ ಸಾಮಾನುಗಳಿಗೆ ಇದು ತಕ್ಕದ್ದು. ಕಂಬದ ತೂತುಗಳಿಗೆ ಕೊಕ್ಕೆಗಳನ್ನು ಸಿಕ್ಕಿಸಿದರೆ ಸೌಟು, ಜಾಲರಿ, ಮೊರ, ಚೀಲ, ಕೊಡೆಗಳಿಗೆ ಸ್ಥಳವಾಗುವುದು. ಹೆಚ್ಚಾಗಿ ಉಳಿದ ಒಂದು ಹಲಗೆಯನ್ನು ಗೋಡೆಗೆ ಒರಗಿಸಿದರೆ ಅಯಸ್ಕಾಂತದ ಗುಂಡಿಗಳಿಂದ ಹಾಲಿನ ಲೆಕ್ಕವನ್ನೂ ಶಾಲೆಯ ವೇಳಾಪಟ್ಟಿಯನ್ನೂ ಅಂಟಿಸುವ ಫಲಕವಾಗುವುದು.

ಗರಗಸವನ್ನು ಹಿಡಿಯಲು ಅಂಜದವರಿಗೆ ಎರಡು ಯೋಜನೆಗಳನ್ನು ಲೆಕ್ಕಸಹಿತವಾಗಿ ಹೇಳುತ್ತೇನೆ. ಕಾಗದ ಪೆನ್ಸಿಲುಗಳನ್ನು ಕೈಗೆ ತೆಗೆದುಕೊಂಡರೆ ಒಳ್ಳೆಯದು. ಎರಡಕ್ಕೂ ಬೇಕಾದದ್ದು 6 ಅಡಿ, ಅಂದರೆ 72 ಅಂಗುಲ ಎತ್ತರದ ನಾಲ್ಕು ಕಂಬಗಳೂ 36 ಅಂಗುಲ ಉದ್ದ 12 ಅಂಗುಲ ಅಗಲದ ಐದು ಹಲಗೆಗಳೂ ಇರುವ ಒಂದೇ ಒಂದು ಸಾಧಾರಣ ರ್‍ಯಾಕು.

ಮೊದಲನೆಯದು ಓದುವ ಮೇಜು. ಪ್ರತಿಯೊಂದು ಕಂಬವನ್ನೂ 28, 28, 16 ಅಂಗುಲಗಳ ಮೂರು ತುಂಡುಗಳಾಗಿ ಕತ್ತರಿಸಿದರೆ 28 ಅಂಗುಲದ ಎಂಟು ಕಾಲುಗಳೂ 16 ಅಂಗುಲದ ನಾಲ್ಕು ಕಾಲುಗಳೂ ದೊರೆಯುವುವು. ಗರಗಸದ ಬಾಯಿಗೆ ಹೋಗುವ ಕೂದಲೆಳೆಯಷ್ಟನ್ನು ಚಿಕ್ಕ ತುಂಡಿನ ಖಾತೆಗೆ ಹಾಕಬಹುದು. ನಾಲ್ಕು ನಾಲ್ಕು ಉದ್ದ ಕಾಲುಗಳಿಗೆ ಎರಡೆರಡು ಹಲಗೆಗಳನ್ನು, ತುದಿಯಲ್ಲೊಂದು ಬುಡದ ಹತ್ತಿರವೊಂದು, ಬಿಗಿದರೆ ಎರಡು ಗಿಡ್ಡ ರ್‍ಯಾಕುಗಳಾದುವು. ಇವನ್ನು ನಾಲ್ಕು ಅಡಿ ಅಂತರದಲ್ಲಿ ಎದುರುಬದುರಾಗಿ ನಿಲ್ಲಿಸಿ, ಹಳೆಯ ಮನೆಯಿಂದ ಕಿತ್ತ ಮರದ ಬಾಗಿಲೊಂದನ್ನು ಮೇಲೆ ಮಲಗಿಸಿ ಕೆಳಗಿನಿಂದ ತಿರುಪುಮೊಳೆಗಳಿಂದ ಹಿಡಿಸಿದರೆ ಸುಮಾರು 29 ಅಂಗುಲ ಎತ್ತರದ ಭವ್ಯವಾದ ಮೇಜು ಸಿದ್ಧವಾಗುವುದು. ಇಬ್ಬರು ಮಕ್ಕಳು ಆಚೆ ಈಚೆ ಕುಳಿತು ಒಬ್ಬರ ಮೊಣಕೈ ಒಬ್ಬರಿಗೆ ತಾಗದಂತೆ ಬರೆಯಬಹುದು. ಪುಸ್ತಕಗಳು ಮೇಜಿನ ಕಾಲುಗಳಲ್ಲಿಯೇ ಇರುವುವು. ಉಳಿದ ನಾಲ್ಕು ಗಿಡ್ಡ ಕಾಲುಗಳಿಗೆ ಐದನೆಯ ಹಲಗೆಯನ್ನು ಬಿಗಿದರೆ ಬಾಗಿಲ ಬಳಿ ಪಾದರಕ್ಷೆಗಳಿಗೆ ಒಂದು ಚಿಕ್ಕ ಮಣೆಯಾಯಿತು. ಒಂದು ತುಂಡೂ ಹಾಳಾಗಲಿಲ್ಲ.

ಎರಡನೆಯ ಯೋಜನೆ ಮೈಸೂರು ಸೀಮೆಯ ಮನೆಗಳಿಗೆ ವಿಶೇಷವಾಗಿ ಒಪ್ಪುವಂತಹುದು. ನವರಾತ್ರಿ ಬಂದಿತೆಂದರೆ ಪಟ್ಟದ ಗೊಂಬೆಗಳನ್ನು ಕೂರಿಸುವ ಮನೆಗಳಲ್ಲಿ ಮೆಟ್ಟಿಲುಗಳ ಚಿಂತೆ ತಲೆಯೆತ್ತುವುದು. ಮೆಟ್ಟಿಲುಗಳು ಬೆಸಸಂಖ್ಯೆಯಲ್ಲಿರಬೇಕು, ಮೂರೋ ಐದೋ ಏಳೋ ಒಂಬತ್ತೋ. ಟ್ರಂಕುಗಳನ್ನೂ ಡಬ್ಬಗಳನ್ನೂ ಮೇಜು ಮಣೆಗಳನ್ನೂ ಒಂದರ ಮೇಲೊಂದು ಪೇರಿಸಿ ಬಿಳಿಯ ಪಂಚೆಯನ್ನು ಹೊದಿಸುವುದು ವಾಡಿಕೆ. ಹತ್ತು ದಿನದ ಹಬ್ಬಕ್ಕಾಗಿ ಬೇರೆ ಚೌಕಟ್ಟನ್ನೇ ಕೊಂಡರೆ ಉಳಿದ ದಿನಗಳಲ್ಲಿ ಅದನ್ನು ಇಡುವುದಕ್ಕೆ ಮತ್ತೊಂದು ಅಟ್ಟ ಬೇಕು. ಹಬ್ಬದ ದಿನಗಳಲ್ಲಿ ಮೆಟ್ಟಿಲಾಗಿ, ಉಳಿದ ದಿನಗಳಲ್ಲಿ ಮನೆಗೆಲಸಕ್ಕೆ ಒದಗುವ ಚೌಕಟ್ಟನ್ನು ಆ ಒಂದೇ ರ್‍ಯಾಕಿನಿಂದ ಮಾಡಬಹುದು.

ಲೆಕ್ಕ ಹೀಗೆ. ನಾಲ್ಕು ಕಂಬಗಳಲ್ಲಿ ಎರಡನ್ನು ತಲಾ 35 ಅಂಗುಲದ ಎರಡು ತುಂಡುಗಳಾಗಿ ಕತ್ತರಿಸಬೇಕು. ಇನ್ನೆರಡನ್ನು ತಲಾ 28, 21, 14, 7 ಅಂಗುಲಗಳ ನಾಲ್ಕು ತುಂಡುಗಳಾಗಿ ಕತ್ತರಿಸಬೇಕು. ಒಂದೊಂದು ಕಂಬದಲ್ಲಿ 70 ಅಂಗುಲ ಕೆಲಸಕ್ಕೆ ಬಂದು 2 ಅಂಗುಲ ಗರಗಸಕ್ಕೂ ಅರಕ್ಕೂ ಉಳಿಯುವುದು. ಈಗ ಎಡಕ್ಕೆ ಒಂದು ಸಾಲು, ಬಲಕ್ಕೆ ಒಂದು ಸಾಲಾಗಿ, ಮುಂದಿನಿಂದ ಹಿಂದಕ್ಕೆ 12 ಅಂಗುಲಗಳ ಅಂತರದಲ್ಲಿ 7, 14, 21, 28, 35, 35 ಅಂಗುಲಗಳ ಕಾಲುಗಳನ್ನು ನಿಲ್ಲಿಸಬೇಕು. ಮೊದಲ ಹಲಗೆಯು 7 ಅಂಗುಲ ಎತ್ತರದಲ್ಲಿ ಮೊದಲನೆಯ ಮತ್ತು ಎರಡನೆಯ ಕಾಲುಗಳ ನಡುವೆ. ಎರಡನೆಯದು 14 ಅಂಗುಲ ಎತ್ತರದಲ್ಲಿ ಎರಡನೆಯ ಮತ್ತು ಮೂರನೆಯ ಕಾಲುಗಳ ನಡುವೆ. ಹೀಗೆಯೇ ಮುಂದುವರಿದು ಐದನೆಯದು 35 ಅಂಗುಲ ಎತ್ತರದಲ್ಲಿ ಕೊನೆಯ ಎರಡು ಕಾಲುಗಳ ನಡುವೆ ನಿಲ್ಲುವುದು. ನಡುವಿನ ಪ್ರತಿಯೊಂದು ಕಾಲೂ ಒಳಮೈಯಲ್ಲಿ ಒಂದು ಹಲಗೆಯನ್ನೂ ಹೊರಮೈಯಲ್ಲಿ ಇನ್ನೊಂದನ್ನೂ ಹಿಡಿದಿರುವುದು. 3 ಅಡಿ ಅಗಲ, 5 ಅಡಿ ಆಳ, ಮೂರಡಿಗೆ ಒಂದು ಅಂಗುಲ ಕಡಮೆ ಎತ್ತರದ ಐದು ಮೆಟ್ಟಿಲುಗಳಾದುವು. ಮೇಲಿನ ಮೆಟ್ಟಿಲಲ್ಲಿ ರಾಜರಾಣಿಯರು ವಿರಾಜಿಸಿದರೆ ಕೆಳಗಿನ ಮೆಟ್ಟಿಲಲ್ಲಿ ಶೆಟ್ಟಿಯ ಅಂಗಡಿಗೂ ಜಾಗವುಂಟು.

ವಿಜಯದಶಮಿ ಕಳೆಯಿತು, ಗೊಂಬೆಗಳು ಪೆಟ್ಟಿಗೆ ಸೇರಿದುವು. ಚೌಕಟ್ಟನ್ನು ಬಿಚ್ಚಬೇಕು. 35 ಅಂಗುಲದ ನಾಲ್ಕು ಕಾಲುಗಳಿಗೆ ಎರಡು ಹಲಗೆಗಳನ್ನು ಬಿಗಿದರೆ ಅಡುಗೆಯ ಮನೆಯಲ್ಲಿ ನಿಂತುಕೊಂಡು ಕೆಲಸ ಮಾಡಲು ತಕ್ಕ ಎತ್ತರದ ಕಟ್ಟೆಯಾಗುವುದು; ಮೇಲೆ ಡಬ್ಬಿಗಳು, ಕೆಳಗೆ ಅಕ್ಕಿಯ ಡಬ್ಬ. ಉಳಿದ 7, 14, 21, 28 ಅಂಗುಲಗಳ ಜೋಡಿಗಳನ್ನು ಅದೇ ಕ್ರಮದಲ್ಲಿ ನಿಲ್ಲಿಸಿ ಉಳಿದ ಮೂರು ಹಲಗೆಗಳನ್ನು 7, 14, 21 ಅಂಗುಲಗಳ ಎತ್ತರದಲ್ಲಿ ಬಿಗಿದರೆ ಜಗಲಿಯ ಕುಂಡಗಳಿಗೆ ಮೂರು ಮೆಟ್ಟಿಲುಗಳು. ಹಿಂದಿನ 28 ಅಂಗುಲದ ಕಾಲುಗಳು ಮೇಲಿನ ಮೆಟ್ಟಿಲನ್ನು ಮೀರಿ 7 ಅಂಗುಲ ನಿಲ್ಲುವುದರಿಂದ, ಅವುಗಳ ತೂತುಗಳಲ್ಲಿ ತಂತಿಯನ್ನು ಎಳೆದು ಕಟ್ಟಿದರೆ ಕುಂಡಗಳು ಹಿಂದಕ್ಕೆ ಬೀಳದಂತೆ ಕಟಕಟೆಯೂ ಆಗುವುದು. ತುಳಸಿ, ದೊಡ್ಡಪತ್ರೆ, ಪುದೀನ, ಕೊತ್ತಂಬರಿಗಳಿಗೆ ಈ ಮೆಟ್ಟಿಲುಗಳಲ್ಲಿ ಬಿಸಿಲು ಹಿಂದುಮುಂದಿಲ್ಲದೆ ಸಿಕ್ಕುವುದು. ಮುಂದಿನ ವರ್ಷ ಮಹಾಲಯ ಅಮಾವಾಸ್ಯೆಯ ದಿನ ಮತ್ತೆ ಸ್ಪ್ಯಾನರನ್ನು ಹುಡುಕಿದರಾಯಿತು. ಬೋಲ್ಟು ನಟ್ಟುಗಳನ್ನು ಒಂದು ಡಬ್ಬಿಯಲ್ಲಿಟ್ಟು, ತುಂಡುಗಳ ಒಳಮೈಯಲ್ಲಿ ಅಂಗುಲದ ಅಂಕಿಗಳನ್ನು ಬಣ್ಣದಿಂದ ಬರೆದಿಟ್ಟರೆ ಮನೆಯ ಮಕ್ಕಳೇ ಈ ಕೆಲಸವನ್ನು ಒಂದು ಸಂಜೆಯಲ್ಲಿ ಮುಗಿಸುವರು.

ಕತ್ತರಿಸುವ ಮುನ್ನ ಒಂದು ಎಚ್ಚರಿಕೆ ಬೇಕು. ತೂತುಗಳ ನಡುವಣ ಅಂತರವು ತಯಾರಕರಿಂದ ತಯಾರಕರಿಗೆ ಬೇರೆಬೇರೆಯಾಗಿರುವುದು. ಆದುದರಿಂದ ಅಂಗುಲವನ್ನು ಮಾತ್ರ ನೆಚ್ಚದೆ, ಎಲ್ಲ ತುಂಡುಗಳಲ್ಲಿಯೂ ಬುಡದಿಂದ ಮೊದಲ ತೂತು ಒಂದೇ ಎತ್ತರದಲ್ಲಿ ಬರುವಂತೆ ಗುರುತು ಮಾಡಿಕೊಳ್ಳಬೇಕು. ಅಳತೆಯಲ್ಲಿ ಅರ್ಧ ಅಂಗುಲ ಹೆಚ್ಚುಕಡಮೆಯಾದರೆ ಚಿಂತೆಯಿಲ್ಲ. ತೂತುಗಳು ಹೊಂದದಿದ್ದರೆ ಹಲಗೆ ಓರೆಯಾಗುವುದು. ಕತ್ತರಿಸುವಾಗ ಗರಗಸವು ತೂತಿನ ಮೇಲೆ ಹಾಯದೆ ಎರಡು ತೂತುಗಳ ನಡುವಿನ ಗಟ್ಟಿ ಭಾಗದಲ್ಲಿಯೇ ಹಾಯಬೇಕು. ಕತ್ತರಿಸಿದ ಬಾಯಿ ಚಾಕುವಿನಂತೆ ಹರಿತವಾಗಿರುವುದು. ಅದನ್ನು ಅರದಿಂದ ತೀಡಿ, ಬುಡಕ್ಕೆ ರಬ್ಬರಿನ ಅಥವಾ ಪ್ಲಾಸ್ಟಿಕ್ಕಿನ ಪಾದುಕೆಯನ್ನು ತೊಡಿಸಬೇಕು. ನೆಲವೂ ಉಳಿಯುವುದು, ಕಾಲ್ಬೆರಳೂ ಉಳಿಯುವುದು.

ಕಬ್ಬಿಣದ ಶತ್ರು ತುಕ್ಕು. ಕತ್ತರಿಸಿದ ಕಡೆಯಲ್ಲಿ ಬಣ್ಣದ ಹೊದಿಕೆ ಹೋಗಿರುವುದರಿಂದ ಅಲ್ಲಿ ಒಡನೆಯೇ ರೆಡ್ ಆಕ್ಸೈಡನ್ನು ಬಳಿದು, ಒಣಗಿದ ಮೇಲೆ ಎನಾಮಲ್ ಬಣ್ಣವನ್ನು ಎರಡು ಸಲ ಹಚ್ಚಬೇಕು. ಮಂಗಳೂರು ಕಾರವಾರಗಳಂತಹ ಕಡಲತಡಿಯ ಊರುಗಳಲ್ಲಿ ಉಪ್ಪುಗಾಳಿಯು ಬಣ್ಣದ ಬಿರುಕನ್ನು ಹುಡುಕಿಕೊಂಡು ಬರುವುದರಿಂದ ಸತುವಿನ ಲೇಪವುಳ್ಳ ಆಂಗಲ್ಲೇ ಮೇಲು. ಆದರೆ ಸತುವಿನ ಲೇಪಕ್ಕೆ ಹುಳಿ ಸಲ್ಲದು; ಹುಣಿಸೆಹಣ್ಣು, ಮಜ್ಜಿಗೆ, ಉಪ್ಪಿನಕಾಯಿಗಳು ತಾಗಿದರೆ ಸತುವು ಕರಗಿ ಆಹಾರಕ್ಕೆ ಸೇರುವುದು. ಅಂತಹ ವಸ್ತುಗಳು ಜಾಡಿಯಲ್ಲಿಯೇ ಇರಲಿ, ಹಲಗೆಗೆ ನೇರವಾಗಿ ತಾಗದಿರಲಿ. ಸತುವಿನ ಲೇಪವುಳ್ಳ ತುಂಡನ್ನು ಬೆಸೆಯಿಸುವುದೂ ಒಳ್ಳೆಯದಲ್ಲ; ಆ ಹೊಗೆಯನ್ನು ಉಸಿರಾಡಿದವರಿಗೆ ಜ್ವರ ಬರುವುದುಂಟು. ಬೆಸೆದರೆ ಬಿಚ್ಚುವ ಗುಣವೂ ಹೋಗುವುದೆಂಬುದು ಬೇರೆಯ ಮಾತು.

ಗುಜರಿಯಿಂದ ತಂದ ಹಳೆಯ ರ್‍ಯಾಕಿನ ವಿಷಯದಲ್ಲಿ ಇನ್ನೊಂದು ಮಾತು. ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸವಿರುತ್ತಿದ್ದಿತು. ಮನೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಪಾಲನ್ನು ಮೀರಕೂಡದೆಂಬ ನಿಯಮವು ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಬಣ್ಣವನ್ನು ಒಣ ಉಪ್ಪುಕಾಗದದಿಂದ ಉಜ್ಜಿದರೆ ಏಳುವ ಧೂಳು ಚಿಕ್ಕ ಮಕ್ಕಳ ಬುದ್ಧಿಶಕ್ತಿಗೂ ಗರ್ಭಿಣಿಯರಿಗೂ ಹಾನಿಕರ. ಆದುದರಿಂದ ಮನೆಯ ಹೊರಗೆ, ಮೂಗುಬಾಯಿಗಳಿಗೆ ತಕ್ಕ ಮುಖವಾಡ ಧರಿಸಿ, ಮೇಲ್ಮೈಯನ್ನು ನೀರಿನಿಂದ ತೇವಮಾಡಿಕೊಂಡೇ ಉಜ್ಜಿ, ಕೆಸರನ್ನು ಒರೆಸಿ ತೆಗೆಯಬೇಕು. ವಿದ್ಯುತ್ತಿನ ತಂತಿಯನ್ನು ಕಂಬದ ತೂತುಗಳಲ್ಲಿ ಪೋಣಿಸುವ ಅಭ್ಯಾಸವೂ ಅಪಾಯಕರ. ತೂತಿನ ಅಂಚು ತಂತಿಯ ಹೊದಿಕೆಯನ್ನು ಕೊಯ್ದರೆ ಇಡೀ ರ್‍ಯಾಕೇ ವಿದ್ಯುತ್ತಿನ ತಂತಿಯಾಗುವುದು.

ಈಗ, ಮಹಾಶಯರೇ, ಇಷ್ಟು ಹೊತ್ತಿನ ಮಾತೆಲ್ಲ ಮರೆತುಹೋದರೂ ಮರೆಯಬಾರದ ಒಂದು ಸಂಗತಿಗೆ ಬರುತ್ತೇನೆ. ಮಕ್ಕಳ ಕಣ್ಣಿಗೆ ರ್‍ಯಾಕೆಂಬುದು ಏಣಿ. ಮೇಲಿನ ಹಲಗೆಯಲ್ಲಿ ಬೆಲ್ಲದ ಡಬ್ಬಿಯಿದ್ದರೆ ಕೆಳಗಿನ ಹಲಗೆಗಳು ಮೆಟ್ಟಿಲುಗಳೇ ಸರಿ. 6 ಅಡಿ ಎತ್ತರ, 12 ಅಂಗುಲ ಆಳದ ಖಾಲಿ ರ್‍ಯಾಕಿನ ತೂಕ ಸುಮಾರು 20 ಕೆ.ಜಿ. ಎನ್ನೋಣ. ಅದು ಮುಂದಿನ ಕಾಲುಗಳ ಮೇಲೆ ಮಗುಚದಂತೆ ಹಿಡಿಯುವುದು ಅದರ ಸ್ವಂತ ತೂಕವೇ. ಆ ತೂಕದ ನಡುಬಿಂದು ಮುಂದಿನ ಕಾಲುಗಳಿಂದ 6 ಅಂಗುಲ ಹಿಂದಿದೆ. 20ನ್ನು 6ರಿಂದ ಗುಣಿಸಿದರೆ 120. ಈಗ 15 ಕೆ.ಜಿ. ತೂಗುವ ಒಂದು ಮಗು ಹಲಗೆಯ ಅಂಚನ್ನು ಹಿಡಿದು ಹತ್ತಿ, ಅದರ ಮೈಭಾರವು ಕಾಲುಗಳಿಂದ 8 ಅಂಗುಲ ಮುಂದಕ್ಕೆ ಜೋತುಬಿದ್ದಿತೆನ್ನಿ. 15ನ್ನು 8ರಿಂದ ಗುಣಿಸಿದರೂ 120. ತಕ್ಕಡಿ ಸಮನಾಯಿತು. ಮಗು ಇನ್ನೊಂದು ಅಂಗುಲ ಹಿಂದಕ್ಕೆ ಒರಗಿದರೆ ರ್‍ಯಾಕು ಅದರ ಮೇಲೆ ಬರುವುದು. ಮೂರು ನಾಲ್ಕು ವರ್ಷದ ಮಗುವಿನ ತೂಕ ಅಷ್ಟೇ ಇರುವುದು.

ಇದು ಬರಿಯ ಲೆಕ್ಕವಲ್ಲ. ಅಮೆರಿಕದಲ್ಲಿ ಗೋಡೆಗೆ ಬಿಗಿಯದ ಸೆಳೆಖಾನೆಯ ಬೀರುಗಳು ಉರುಳಿ ಪುಟ್ಟ ಮಕ್ಕಳು ಸತ್ತುದರಿಂದ 2016ರಲ್ಲಿ ಸುಮಾರು 2 ಕೋಟಿ 90 ಲಕ್ಷ ಬೀರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. 2022ರಲ್ಲಿ ಅಂತಹ ಬೀರುಗಳು ಸುಲಭವಾಗಿ ಉರುಳದಂತಿರಬೇಕೆಂದು ಅಲ್ಲಿ ಕಾನೂನೇ ಆಯಿತು. ಮನೆಯಲ್ಲಿ ಸ್ವತಃ ಕಟ್ಟಿಕೊಳ್ಳುವ ರ್‍ಯಾಕಿಗೆ ಯಾವ ಕಾನೂನೂ ಕಾವಲಿರುವುದಿಲ್ಲ, ಕಟ್ಟಿದವರೇ ಕಾವಲು. ಮಾಡಬೇಕಾದದ್ದು ಹೆಚ್ಚೇನಿಲ್ಲ. ಭಾರವಾದ ಸಾಮಾನುಗಳೆಲ್ಲ ಅತ್ಯಂತ ಕೆಳಗಿನ ಹಲಗೆಯಲ್ಲಿರಲಿ. 25 ಕೆ.ಜಿ.ಯ ಅಕ್ಕಿಯ ಮೂಟೆಯನ್ನು ಅಲ್ಲಿಟ್ಟರೆ ನಮ್ಮ ತಕ್ಕಡಿಯಲ್ಲಿ ಸುರಕ್ಷಿತವಾದ ಕಡೆಗೆ 150 ಸೇರುವುದು. ಮಕ್ಕಳ ಕಣ್ಣನ್ನು ಸೆಳೆಯುವ ವಸ್ತುಗಳನ್ನು ಮೇಲಿಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಸೊಂಟದೆತ್ತರವನ್ನು ಮೀರುವ ಯಾವ ರ್‍ಯಾಕನ್ನೂ ಗೋಡೆಗೆ ಬಿಗಿಯದೆ ಬಿಡಬಾರದು. ಮೇಲಿನ ತುದಿಯಲ್ಲಿ ಎರಡು ಕಡೆ ಎರಡು ತಿರುಪುಗಳು ಸಾಕು. ಮೊಳೆಗೆ ಒಪ್ಪದ ಮನೆಯ ಯಜಮಾನರೂ ಮಗುವಿನ ಮಾತೆತ್ತಿದರೆ ಎರಡು ತೂತುಗಳಿಗೆ ಇಲ್ಲವೆನ್ನಲಾರರು. ಮನೆ ಬಿಡುವಾಗ ಅವನ್ನು ಮುಚ್ಚಿಕೊಡುತ್ತೇವೆಂದು ಹೇಳಬಹುದು. ಅದಕ್ಕೂ ಅವಕಾಶವಿಲ್ಲದಿದ್ದರೆ ಕಿಟಕಿಯ ಸರಳಿಗೆ ಗಟ್ಟಿಯಾದ ತಂತಿಯಿಂದ ಬಿಗಿಯಬೇಕು. ಅದೂ ಆಗದಿದ್ದರೆ ಎತ್ತರದ ರ್‍ಯಾಕಿನ ಆಸೆಯನ್ನೇ ಬಿಟ್ಟು, ಮೇಲೆ ಹೇಳಿದಂತೆ ಕತ್ತರಿಸಿ ಎರಡು ಗಿಡ್ಡ ರ್‍ಯಾಕುಗಳನ್ನು ಮಾಡಿಕೊಳ್ಳುವುದು ಲೇಸು.

ಕೊನೆಯದಾಗಿ ಒಂದು ಮಾತು. ಇಂತಹ ಕೆಲಸಗಳಿಗೆ ಆಳನ್ನು ಕರೆಯುವುದೇ ಮರ್ಯಾದೆಯೆಂದೂ ಸ್ಪ್ಯಾನರು ಗರಗಸಗಳು ಓದಿದವರ ಕೈಗೆ ತಕ್ಕವಲ್ಲವೆಂದೂ ವಿದ್ಯಾವಂತರಾದ ನಮ್ಮಲ್ಲಿ ಒಂದು ಭಾವನೆ ಬೇರೂರಿದೆ. ಮನೆಯ ಮಕ್ಕಳು ಅಂಗುಲಗಳ ಲೆಕ್ಕ ಹಾಕಿ, ದಾರ ಹಿಡಿದು ಮೂಲೆಗಳನ್ನು ಅಳೆದು, ತಾವು ಬಿಗಿದ ಚೌಕಟ್ಟಿನ ಮೇಲೆ ಪಟ್ಟದ ಗೊಂಬೆಗಳನ್ನು ಕೂರಿಸಿದರೆ, ರೇಖಾಗಣಿತವು ಪುಸ್ತಕದಿಂದ ಇಳಿದು ಅವರ ಕೈಗೆ ಬರುವುದು. ಮುರಿದದ್ದನ್ನು ಎಸೆಯುವ ಮುನ್ನ ಬಿಚ್ಚಿ ನೋಡುವ ಬುದ್ಧಿಯೂ ಬೆಳೆಯುವುದು. ಬಡವರ ಮನೆಯಲ್ಲಿ ಈ ಬುದ್ಧಿ ಎಂದಿನಿಂದಲೂ ಉಂಟು. ಅಲ್ಲಿ ಹಳೆಯ ಸೀರೆ ಕೌದಿಯಾಗುವುದು, ಎಣ್ಣೆಯ ಡಬ್ಬ ಗಿಡದ ಕುಂಡವಾಗುವುದು. ಉಳ್ಳವರೂ ಅದನ್ನು ಅವರಿಂದ ಕಲಿತರೆ ಹಣವೂ ಉಳಿಯುವುದು, ಮನೆಯೂ ಇಕ್ಕಟ್ಟಾಗದು. ಬೂದುಬಣ್ಣದ ಆ ರ್‍ಯಾಕು ನೋಟಕ್ಕೆ ಚೆಲುವಾದದ್ದಲ್ಲ, ನಿಜ. ಆದರೆ ಇಂದು ಮೇಜಾಗಿ, ನಾಳೆ ಮೆಟ್ಟಿಲಾಗಿ, ನಾಡಿದ್ದು ತುಳಸಿಯ ಕುಂಡಕ್ಕೆ ಆಸರೆಯಾಗಿ, ಊರು ಬಿಟ್ಟು ಹೊರಟ ದಿನ ಒಂದು ಕಟ್ಟು ಪಟ್ಟಿಗಳಾಗಿ ನಮ್ಮೊಡನೆ ಬರಬಲ್ಲ ಸಾಮಾನು ಮನೆಯಲ್ಲಿ ಬೇರೆ ಯಾವುದಿದೆ?